ಪೇರಲ ಗಿಡದ ಬುಡಕ್ಕೆ ಹೋದ ಕವಚಗಳು

ನನ್ನ ಮಗಳ ಕೈ ಮೊದಲು ತಪ್ಪಿದ್ದು ನೆರೆಮನೆಯವರ ಜಂಪರಿನಲ್ಲಿ.

ಚಂದನಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಇಪ್ಪತ್ನಾಲ್ಕು ವರ್ಷ, ಒಬ್ಬಳೇ ಮಗಳು. ಶೇಡಬಾಳದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಿದ್ದರೂ ಹೆಂಗಸರು ಮೊದಲು ಅವಳ ಮಶೀನಿನ ಮುಂದೆ ಬಂದು ಕೂರುತ್ತಿದ್ದರು. ಅಂಥವಳು ಹೊಲಿದ ಆ ರವಿಕೆಯ ಒಂದು ತೋಳು ಅಥಣಿಯ ಕಡೆ ಹೊರಟಿತ್ತು, ಇನ್ನೊಂದು ಕಾಗವಾಡದ ಕಡೆ. ನೆರೆಯಾಕೆ ಅದನ್ನು ಕೋಲಿಗೆ ಸಿಕ್ಕಿಸಿದ ಬಾವುಟದಂತೆ ಎತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕಲಿಸಿ, ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಕಾರಣ ತಿಳಿಯದ ಎಲ್ಲ ತಪ್ಪಿಗೂ ನನ್ನ ಬಳಿ ಸಿದ್ಧ ಕಾರಣವೊಂದಿತ್ತು: ಲಕ್ಷ್ಯವಿಲ್ಲ.

"ಮೊಬೈಲ್ ನೋಡ್ಕೋತ ಹೊಲದಿ," ಎಂದೆ. "ತೋಳ ನೋಡವಾ, ಗಂಡ ಹೆಂಡ್ತಿ ಜಗಳಾಡಿ ಬ್ಯಾರೆ ಬ್ಯಾರೆ ಬಸ್ ಹತ್ತಿದಂಗ ಆಗ್ಯಾವು."

ನೆರೆಯಾಕೆ ನಕ್ಕಳು. ನನ್ನ ಹೆಂಡತಿ ಸುಮತಿಯೂ ನಕ್ಕಳು. ಚಂದನಾ ತಲೆ ತಗ್ಗಿಸಿ ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುವಾಗ ಅವಳ ಬಲಗೈ ನಡುಗುತ್ತಿತ್ತು. ನಾನು ಅದನ್ನು ನೋಡಿದೆ. ನಾಚಿಕೆಯಿಂದ ನಡುಗುತ್ತಿದೆ ಎಂದು ತಿಳಿದು ಸಂತೋಷಪಟ್ಟೆ.

ಆಮೇಲೆ ಅವಳ ಮಾತು ಹಾಳಾಯಿತು. ಬಾಯಲ್ಲಿ ಬಿಸಿ ಅನ್ನವಿಟ್ಟುಕೊಂಡು ಮಾತಾಡಿದಂತೆ ಶಬ್ದಗಳು ಹೊರಳತೊಡಗಿದವು. ಕುಡಿಯುವ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಊರ ಡಾಕ್ಟರು ಶಕ್ತಿಗೆಂದು ಇಂಜೆಕ್ಷನ್ ಕೊಟ್ಟರು. ಬಂಧುವರ್ಗ ದೃಷ್ಟಿ ತೆಗೆಯಿತು. ಇನ್ನೊಬ್ಬ ತಜ್ಞರು, ಇದು ಮದುವೆಯ ಟೆನ್ಶನ್, ಮದುವೆ ಮಾಡಿರಿ ಎಂದರು. ಮದುವೆಯ ಟೆನ್ಶನ್ನಿಗೆ ಮದುವೆಯೇ ಔಷಧವೆಂದು ಹೇಳಿದ ಆ ಮಹಾನುಭಾವರು ಅವಿವಾಹಿತರಿರಬೇಕು.

ಕೊನೆಗೆ ಮಿರಜಕ್ಕೆ ಹೋದೆವು. ನಮ್ಮೂರಿಂದ ರೈಲು ಹತ್ತಿದರೆ ದೂರವೇನಲ್ಲ. ನಮ್ಮ ಭಾಗದ ಜನ ಭಾಷೆಯ ಜಗಳವನ್ನು ಎಷ್ಟೇ ಮಾಡಲಿ, ಜಡ್ಡು ಬಂದರೆ ಮಹಾರಾಷ್ಟ್ರದ ಮಿರಜಕ್ಕೇ ಓಡುವವರು. ಅಲ್ಲಿಯ ನ್ಯೂರಾಲಜಿಸ್ಟ್ ಐವತ್ತರ ಆಸುಪಾಸಿನ ಹೆಣ್ಣುಮಗಳು, ಮಾತೃಭಾಷೆ ಮರಾಠಿ, ಕನ್ನಡ ನಮಗಿಂತ ಜೋರು. ಎಂಆರ್‌ಐ ಮಾಡಿಸಿದರು. ಕಣ್ಣಿನ ಡಾಕ್ಟರರ ಬಳಿ ಕಳಿಸಿದರು. ಅವರು ಸ್ಲಿಟ್ ಲ್ಯಾಂಪಿನಲ್ಲಿ ಇಣುಕಿ, ನನ್ನನ್ನೂ ಕರೆದು ತೋರಿಸಿದರು. ನನ್ನ ಮಗಳ ಕಣ್ಣಿನ ಕರಿಗುಡ್ಡೆಯ ಸುತ್ತಲೂ ಕಂದು ಬಂಗಾರ ಬಣ್ಣದ ಒಂದು ತೆಳ್ಳನೆಯ ಉಂಗುರವಿತ್ತು.

ಅದು ತಾಮ್ರ.

ವಿಲ್ಸನ್ಸ್ ಡಿಸೀಸ್ ಎಂದರು. ಊಟದಲ್ಲಿ ಬರುವ ತಾಮ್ರವನ್ನು ಹೊರಗೆ ಹಾಕುವುದು ಲಿವರಿನ ಕೆಲಸವಂತೆ. ಈ ರೋಗದಲ್ಲಿ ಅದು ಆ ಕೆಲಸ ಮಾಡುವುದಿಲ್ಲ. ತಾಮ್ರ ಒಳಗೇ ಕೂಡಿ ಮಿದುಳಿಗೆ ಏರುತ್ತದೆ. ಮೊದಲು ಕೈ, ಆಮೇಲೆ ಮಾತು, ಆಮೇಲೆ ನಡಿಗೆ.

"ಮಾಸ್ತರ, ನಿಮ್ಮದು ಸಂಬಂಧದಾಗ ಮದುವಿ ಏನ್ರಿ?"

"ಹೌದ್ರಿ. ಸೋದರಮಾವನ ಮಗಳು. ಉಗಾರ ಬುದ್ರುಕದವಳು."

"ಹಂಗಾದ್ರ ಅರ್ಧ ನಿಮ್ಮಿಂದ ಬಂದೈತಿ, ಅರ್ಧ ಇವರಿಂದ. ಒಂದ ಅರ್ಧ ಇದ್ರ ಏನೂ ಆಗೂದಿಲ್ಲ. ಎರಡೂ ಕೂಡಿದ್ರ ಇದು."

ಕಬ್ಬಿನ ಹೊಲ ಹೊರಗಿನವರಿಗೆ ಹೋಗಬಾರದು ಎಂದು ಹಿರಿಯರು ಕೂಡಿಸಿದ ಮದುವೆ ನಮ್ಮದು. ಮನೆತನದ್ದು ಮನೆತನದಲ್ಲೇ ಉಳಿಯಲಿ ಎಂದು ಅಕ್ಷತೆ ಹಾಕಿದ್ದರು. ಉಳಿಯಿತು. ಏನೇನು ಉಳಿಯಿತು ಎಂಬುದರ ಪಟ್ಟಿಯನ್ನು ಮಾತ್ರ ಯಾರೂ ಓದಿ ಹೇಳಿರಲಿಲ್ಲ. ಅವರೆಲ್ಲ ಈಗ ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದಾರೆ. ಕೇಳುವುದು ಯಾರನ್ನು?

ಔಷಧವಿದೆ ಎಂದರು ಡಾಕ್ಟರ್. ಇಷ್ಟು ದೊಡ್ಡ ರೋಗಗಳಲ್ಲಿ ಔಷಧವಿರುವುದು ಭಾಗ್ಯವೆಂದರು. ಪೆನಿಸಿಲಮೈನ್ ಎಂಬ ಕ್ಯಾಪ್ಸೂಲು. ಅದು ತಾಮ್ರವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೊಯ್ಯುತ್ತದೆ. ದಿನಕ್ಕೆ ಎರಡು ಹೊತ್ತು, ಖಾಲಿ ಹೊಟ್ಟೆಯಲ್ಲಿ. ತೆಗೆದುಕೊಂಡ ಮೇಲೆ ಒಂದು ತಾಸು ಏನೂ ತಿನ್ನಬಾರದು. "ಸುರುವಿಗೆ ಜಡ್ಡು ಹೆಚ್ಚಾದಂಗ ಕಾಣಬಹುದು. ಅಂಜಿ ಬಿಡಬ್ಯಾಡ್ರಿ. ಬಿಟ್ರ ಮಾತು ಪೂರಾ ಹೋಗತೈತಿ."

"ಎಷ್ಟು ದಿವಸ ರಿ?"

"ಜೀವ ಇರೂತನಕ."

ದವಾಖಾನೆಯ ಎದುರಿನ ಮೆಡಿಕಲ್ ಅಂಗಡಿಯಲ್ಲಿ ಸಾಲು ಹಚ್ಚಿ ನಿಂತೆವು. ನಮ್ಮದು ಜೈನರ ಮನೆ. ನೆಲದೊಳಗೆ ಬೆಳೆದ ಬಟಾಟಿ, ಉಳ್ಳಾಗಡ್ಡಿ ಕೂಡ ಹೊಸ್ತಿಲು ದಾಟಿದ್ದಿಲ್ಲ. ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ. ಸುಮತಿ ಒಂದು ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ತಮ್ಮಾ, ಇದರ ಮ್ಯಾಲಿನ ಕವಚ ಎದರಿಂದ ಮಾಡಿರ್ತಾರೋ?"

ಅಂಗಡಿಯವನು ಪ್ರಾಮಾಣಿಕ. "ಜಿಲೆಟಿನ್ ರಿ ಅಕ್ಕಾರ. ದನದ ಎಲುಬು, ತೊಗಲು ಕುದಿಸಿ ಮಾಡ್ತಾರ್ರಿ."

ಸುಮತಿ ನನ್ನ ಕಡೆ ನೋಡಿದಳು. ಏನೋ ಕೇಳುವವಳಿದ್ದಳು. ಹಿಂದೆ ಸಾಲಿನಲ್ಲಿ ಹತ್ತು ಜನ ಕಿವಿ ನಿಮಿರಿಸಿ ನಿಂತಿದ್ದರು. ಸಭೆ ಕೂಡಿದಾಗ ಭಾಷಣ ಮಾಡದಿದ್ದರೆ ನನಗೆ ಅಜೀರ್ಣವಾಗುತ್ತದೆ.

"ಧರ್ಮಕ್ಕ ಒಂದು ರಜಾ ಅರ್ಜಿ ಬರೆದುಬಿಡು," ಎಂದೆ. "ಅನಾರೋಗ್ಯದ ನಿಮಿತ್ತ, ಜೀವ ಇರೂತನಕ. ಹೆಡ್‌ಮಾಸ್ತರ ಮಂಜೂರು ಮಾಡ್ಯಾರ."

ಸಾಲು ನಕ್ಕಿತು. ಅಂಗಡಿಯವನು ನಕ್ಕ. ಸುಮತಿಯೂ ನಕ್ಕಳು. ನಕ್ಕಳೆಂದರೆ ಒಪ್ಪಿದಳು ಎಂದು ನಾನು ದಾಖಲು ಮಾಡಿಕೊಂಡೆ. ಊರಿಗೆ ಬಂದು ಬಸದಿಯ ಕಟ್ಟೆಯ ಮೇಲೆ ಈ ಪ್ರಸಂಗವನ್ನು ನಾಲ್ಕಾರು ಸಲ ಹೇಳಿದೆ. ಪ್ರತಿ ಸಲವೂ ಚೆನ್ನಾಗಿ ಓಡಿತು.

ಮನೆಯಲ್ಲಿ ನನ್ನ ಆಡಳಿತ ಆರಂಭವಾಯಿತು. ತಾಮ್ರದ ಹಂಡೆ, ತಂಬಿಗೆ, ಪಂಚಪಾತ್ರೆಗಳನ್ನು ಗಡೀಪಾರು ಮಾಡಿ ಅಟ್ಟಕ್ಕೆ ಹಾಕಿಸಿದೆ. ಶೇಂಗಾದಲ್ಲೂ ತಾಮ್ರವಿದೆ ಎಂದಿದ್ದರಿಂದ ಶೇಂಗಾ ಹಿಂಡಿಯನ್ನು, ರೊಟ್ಟಿಯ ಜೊತೆಗಿನ ಆ ಚಟ್ನಿಪುಡಿಯನ್ನು, ನಿಷೇಧಿಸಿದೆ. ನಮ್ಮ ಸೀಮೆಯಲ್ಲಿ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ತಿನ್ನುವುದು ಒಂದು ಸಣ್ಣ ಸಲ್ಲೇಖನ. ಮೂವರೂ ಬಿಟ್ಟೆವು. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಬೆಳಿಗ್ಗೆ ಆರಕ್ಕೆ ಮೊದಲ ಡೋಸು, ಏಳಕ್ಕೆ ತಿಂಡಿ. ಸಂಜೆ ನಾಲ್ಕೂವರೆಗೆ ಎರಡನೆಯದು, ಹೊತ್ತು ಮುಳುಗುವ ಮೊದಲು ಊಟ. ಖಾಲಿ ಹೊಟ್ಟೆಯ ವಿಷಯದಲ್ಲಿ ಮಾತ್ರ ವೈದ್ಯಶಾಸ್ತ್ರಕ್ಕೂ ನಮ್ಮ ಧರ್ಮಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ.

ಔಷಧ ಕೊಡುವವಳು ಸುಮತಿ, ಅಡುಗೆಮನೆಯಲ್ಲಿ. ನಾನು ಪಡಸಾಲೆಯಿಂದ ಕೂಗುತ್ತಿದ್ದೆ.

"ಔಷಧ ಆತೇನು?"

"ಆತ್ರಿ."

ಹಾಜರಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಒಂದು ದಿನವೂ ತಪ್ಪಿಲ್ಲ. ಅಂಥ ನಿಷ್ಕಳಂಕ ಹಾಜರಿ ನನ್ನ ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಮಗಳು ಮಾತ್ರ ದಿನದಿನಕ್ಕೆ ಇಳಿಯುತ್ತ ಹೋದಳು.

ಮೊದಲ ತಿಂಗಳು ನಾವು ಅಂಜಲಿಲ್ಲ, ಡಾಕ್ಟರ್ ಹೇಳಿದ್ದರಲ್ಲ. ಎರಡನೆಯ ತಿಂಗಳು ಅವಳು ಚಮಚ ಹಿಡಿಯುವುದು ನಿಂತಿತು. ಆ ತಿಂಗಳು ತೋರಿಸಲು ಹೋದಾಗ ಡಾಕ್ಟರ್ ಇನ್ನಷ್ಟು ತಾಳಿರಿ ಎಂದರು. ಮೂರನೆಯ ತಿಂಗಳು ಬಚ್ಚಲಲ್ಲಿ ಬಿದ್ದಳು. ನಾಲ್ಕನೆಯದರಲ್ಲಿ ಅವಳು ಹೇಳುವುದು ನನಗೆ ತಿಳಿಯುವುದು ನಿಂತಿತು. ಅವಳ ಅವ್ವನಿಗೆ ತಿಳಿಯುತ್ತಿತ್ತು. ನನಗೆ ಎರಡು ಮೂರು ಸಲ ಹೇಳಬೇಕು. ಅಷ್ಟರಲ್ಲಿ ಅವಳಿಗೆ ಸಿಟ್ಟು ಬಂದು ಗೋಡೆಯ ಕಡೆ ಹೊರಳುತ್ತಿದ್ದಳು. ಹೊಲಿಗೆ ಮಶೀನಿನ ಮೇಲೆ ಸುಮತಿ ಬಟ್ಟೆ ಹೊದಿಸಿದಳು. ರಾಯಬಾಗದ ಕಡೆಯ ಒಂದು ಸಂಬಂಧ ಮಾತಿನಲ್ಲಿತ್ತು. ರೋಗ ವಂಶದಲ್ಲಿ ಬಂದದ್ದೆಂದು ತಿಳಿದ ಮೇಲೆ ಅವರು ಬರಲೂ ಇಲ್ಲ, ಬರುವುದಿಲ್ಲವೆಂದು ಹೇಳಲೂ ಇಲ್ಲ. ಮೊಬೈಲಿನಲ್ಲಿ ಗುಲಾಬಿ ಹೂವಿನ ಶುಭೋದಯ ಮಾತ್ರ ಇನ್ನೂ ಕಳಿಸುತ್ತಾರೆ.

ನಾನು ಔಷಧವನ್ನು ದ್ವೇಷಿಸತೊಡಗಿದೆ. ಕೈಗೆ ಸಿಕ್ಕಿದ್ದರೆ ಆ ಕ್ಯಾಪ್ಸೂಲಿಗೆ ಕಾರಣ ಕೇಳಿ ನೋಟೀಸು ಕೊಡುತ್ತಿದ್ದೆ: ತಮ್ಮನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡಿದ್ದೇವೆ, ಧರ್ಮವನ್ನು ಪಕ್ಕಕ್ಕಿಟ್ಟಿದ್ದೇವೆ, ಕರ್ತವ್ಯಲೋಪಕ್ಕೆ ತಮ್ಮ ಸಮಜಾಯಿಷಿ ಏನು? ಡಾಕ್ಟರರ ಮೇಲೂ ಸಂಶಯ ಬಂತು. ಅಂಗಡಿಯವನು ನಕಲಿ ಮಾಲು ಕೊಟ್ಟನೇನೋ ಎಂದು ಅನ್ನಿಸಿತು. ಎಲ್ಲರೂ ಸೇರಿ ನನ್ನ ಮಗಳಿಗೆ ಮೋಸ ಮಾಡುತ್ತಿದ್ದಾರೆ ಎಂದು ಸುಮತಿಯ ಮುಂದೆ ದಿನಾ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

ಐದನೆಯ ತಿಂಗಳು ಇಪ್ಪತ್ನಾಲ್ಕು ತಾಸಿನ ಯೂರಿನ್ ಟೆಸ್ಟ್ ಹೇಳಿದರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಕೂಡಿಸಿ ಒಯ್ಯಬೇಕು. ರೈಲಿನಲ್ಲಿ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಎದುರಿನವನು, "ಕಾಕಾ, ಕಾಕಂಬಿ ಏನ್ರಿ?" ಎಂದು ಕೇಳಿದ. ಕಬ್ಬಿನ ಸೀಮೆಯ ಮನುಷ್ಯ, ಅವನ ತಪ್ಪಲ್ಲ. ಹೌದಪ್ಪ ಎಂದೆ.

ವರದಿ ಬಂದ ದಿನ ಮೂವರನ್ನೂ ಒಳಗೆ ಕರೆದರು. ಡಾಕ್ಟರ್ ಕಾಗದ ನೋಡಿದರು, ಮಗಳನ್ನು ನೋಡಿದರು, ನನ್ನನ್ನು ನೋಡಿದರು.

"ಮಾಸ್ತರ, ಔಷಧ ತೊಗೊಳಾಕತ್ತಾಳೇನ್ರಿ ಇಕಿ?"

"ಒಂದ ಹೊತ್ತು ತಪ್ಪಿಲ್ಲರಿ." ಹಾಜರಿ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.

ಅವರು ಪುಸ್ತಕ ತೆರೆಯಲಿಲ್ಲ. "ಈ ಔಷಧ ಹೊಟ್ಟಿಗೆ ಹೋದ್ರ ಮೂತ್ರದಾಗ ತಾಮ್ರ ಹೆಚ್ಚಾಗಬೇಕು. ಇಲ್ಲಿ ಹೆಚ್ಚಾಗೇ ಇಲ್ಲ. ಔಷಧ ಒಳಗ ಹೋಗಿಲ್ಲ."

"ನನ್ನ ಮನ್ಯಾಗ ಹಂಗ ಆಗೂದಿಲ್ಲರಿ," ಎಂದೆ. ನನ್ನ ದನಿ ಏರಿತ್ತು.

ಡಾಕ್ಟರ್ ಸುಮತಿಯ ಕಡೆ ತಿರುಗಿದರು. "ವೈನಿ, ಕೊಡವರು ನೀವಲಾ? ಹೆಂಗ ಕೊಡ್ತೀರಿ, ಹೇಳ್ರಿ."

ಸುಮತಿ ಅಡುಗೆ ಹೇಳಿಕೊಡುವಂತೆ ಹೇಳಿದಳು. ಎರಡು ಬೆರಳಿನಲ್ಲಿ ಕ್ಯಾಪ್ಸೂಲು ಬಿಚ್ಚುವುದು. ಪುಡಿಯನ್ನು ಬಟ್ಟಲಿಗೆ ಹಾಕುವುದು. ಪುಡಿ ಬಹಳ ನಾರುತ್ತದೆ, ಆದ್ದರಿಂದ ಬಿಸಿ ಹಾಲು, ಒಂದು ಚೂರು ಬೆಲ್ಲ. ಚೆನ್ನಾಗಿ ಕಲಸಿ ಕುಡಿಸುವುದು.

"ಕವಚಾ?"

"ಹಿತ್ತಲ ಪೇರಲ ಗಿಡದ ಬುಡಕ ಹೂಳ್ತೇನ್ರಿ. ಣಮೋಕಾರ ಮಂತ್ರ ಹೇಳಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು.

ಐದು ತಿಂಗಳು. ದಿನಕ್ಕೆರಡು ಹೊತ್ತು. ನಾನು ಪಡಸಾಲೆಯಲ್ಲಿ ಗುರುತು ಹಾಕುತ್ತಿದ್ದಾಗ ಆರು ಹೆಜ್ಜೆ ಆಚೆ ಇದು ನಡೆದಿತ್ತು. ಹಾಲಿನಲ್ಲಿ ಕಲಸಿದರೆ ಈ ಔಷಧ ಅಲ್ಲೇ ಸಿಕ್ಕಿಬಿದ್ದು ಬಹುಪಾಲು ವ್ಯರ್ಥವಾಗುತ್ತದೆ ಎಂದು ಡಾಕ್ಟರ್ ವಿವರಿಸಿದರು. ಆಮೇಲೆ, ಬೈಯುವ ಬದಲು, ಇನ್ನೂ ಕೆಟ್ಟದ್ದೊಂದು ಮಾತು ಹೇಳಿದರು.

"ವೈನಿ, ಕವಚ ಬಿಚ್ಚಿದ್ದಕ್ಕ ಅಡ್ಡಿ ಇದ್ದಿಲ್ಲರಿ. ಮೋಸಂಬಿ ರಸದಾಗ ಕೊಟ್ಟಿದ್ರ ನಡೀತಿತ್ತು. ಹಾಲೊಂದು ಬ್ಯಾಡಾಗಿತ್ತು. ಒಂದ ಮಾತು ಕೇಳಬೇಕಿತ್ತಲಾ."

ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೋದದ್ದರಲ್ಲಿ ಎಷ್ಟು ತಿರುಗಿ ಬರುತ್ತದೆ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಕೈ ಕಷ್ಟ. ಮಾತು, ನೋಡೋಣ.



ಮನೆಗೆ ಬಂದ ಮೇಲೆ ನಾನು ಮಾತಾಡಿದೆ. ಬಹಳ ಮಾತಾಡಿದೆ. ಇಲ್ಲಿ ಬರೆಯುವಂಥದ್ದಲ್ಲ. ಹೊರಗಿನವರ ಮೋಸಕ್ಕೆ ಮನುಷ್ಯ ಹೇಗೋ ಸಿದ್ಧನಿರುತ್ತಾನೆ. ಬಾಗಿಲಿಗೆ ಅಗಳಿ ಇರುವುದು ಅದಕ್ಕೇ. ಆದರೆ ಒಂದೇ ತಾಟಿನಲ್ಲಿ ಮೂವತ್ತು ವರ್ಷ ಉಂಡವಳು "ಆತ್ರಿ" ಎಂದು ಅಷ್ಟು ಸಲೀಸಾಗಿ ದಿನಕ್ಕೆರಡು ಸಲ ಹೇಳಿದ್ದಳಲ್ಲ, ಆ ಪದ ನನ್ನ ಕಿವಿಯಲ್ಲಿ ಕುಟ್ಟುತ್ತಿತ್ತು. ಸುಮತಿ ಹಿತ್ತಲಿಗೆ ಹೋದಳು. ಆಗ ಚಂದನಾ ಗೋಡೆ ಹಿಡಿದುಕೊಂಡು ಎದ್ದು ಬಂದು ಏನೋ ಹೇಳಿದಳು.

ನನಗೆ ತಿಳಿಯಲಿಲ್ಲ.

ಮತ್ತೆ ಹೇಳಿದಳು. "ಅವ್ವ" ಎಂಬುದೊಂದು ತಿಳಿಯಿತು. ಇನ್ನೊಮ್ಮೆ ಹೇಳು ಎಂದೆ. ಅವಳು ಸಿಟ್ಟಾಗಲಿಲ್ಲ. ಒಂದೊಂದೇ ಪದವನ್ನು ಬಾವಿಯಿಂದ ಕೊಡ ಎಳೆದಂತೆ ಎಳೆದು ಹೇಳಿದಳು.

"ಅವ್ವಗ ಬೈಬ್ಯಾಡ್ರಿ. ಅಪ್ಪಗ ಹೇಳಬ್ಯಾಡ ಅಂದಾಕಿ ನಾನು. ಹೇಳಿದ್ರ ನೀವು ಕಟ್ಟಿ ಮ್ಯಾಲ ಕುಂತು ಮಂದೀನ ನಗಸ್ತಿದ್ರಿ."

ಆ ಮಾತನ್ನು ಮೂರು ಸಲ ಹೇಳಿಸಿ ಕೇಳಿದವನು ನಾನೇ.

ಅಂದಿನಿಂದ ಹಲವು ದಿನ ನನ್ನ ಸ್ಥಿತಿ ವಿಚಿತ್ರವಾಗಿತ್ತು. ಸಿಟ್ಟು ಇಳಿಯಲಿಲ್ಲ. ಇಳಿಯಬೇಕೆಂದು ಇದನ್ನು ಓದುವವರು ಬಯಸಬಹುದು, ಆದರೆ ಇಳಿಯಲಿಲ್ಲ. ತಾಯಿ ಮಗಳು ಕೂಡಿ ನನಗೆ ಮೋಸ ಮಾಡಿದ್ದು ನಿಜ. ಅದರ ಬೆಲೆ ಮಗಳ ನಾಲಗೆ ತೆತ್ತದ್ದೂ ನಿಜ. ಆದರೆ ಆ ಸಿಟ್ಟನ್ನು ಪೂರ್ತಿ ಹೊತ್ತು ನಿಲ್ಲಲು ನನಗೆ ನೆಲ ಉಳಿದಿರಲಿಲ್ಲ. ಸಾಲಿನಲ್ಲಿ ಅವಳು ನನ್ನ ಕಡೆ ತಿರುಗಿ ನೋಡಿದಾಗ ಏನು ಕೇಳುವವಳಿದ್ದಳು? ಆ ಪ್ರಶ್ನೆಗೆ ಡಾಕ್ಟರರ ಬಳಿ ಎರಡು ನಿಮಿಷದ ಉತ್ತರವಿತ್ತು. ರಸ್ತೆ ದಾಟಿ ಮತ್ತೆ ದವಾಖಾನೆಯ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು. ನಾನು ಹತ್ತು ಜನ ಅಪರಿಚಿತರನ್ನು ನಗಿಸಿದೆ.

ನನ್ನ ಅಪ್ಪನೂ ಹೀಗೇ ಇದ್ದ. ಯಾವ ಮಾತನ್ನೂ ನೆಲಕ್ಕೆ ಬೀಳಲು ಬಿಡದೆ ಹಿಡಿದು ವಿನೋದ ಮಾಡುತ್ತಿದ್ದ. ಊರೆಲ್ಲ ಅವನನ್ನು ಹೊಗಳುತ್ತಿತ್ತು. ನನ್ನ ಅವ್ವ ಅವನ ಮುಂದೆ ಏನನ್ನೂ ಹೇಳುತ್ತಿರಲಿಲ್ಲ. ವಂಶದಲ್ಲಿ ಬಂದದ್ದು ತಾಮ್ರವೊಂದೇ ಅಲ್ಲ.

ಈಗ ಔಷಧ ಪಡಸಾಲೆಯಲ್ಲೇ ನಡೆಯುತ್ತದೆ. ಹಾಜರಿ ಪುಸ್ತಕವಿಲ್ಲ. ಸುಮತಿ ಕ್ಯಾಪ್ಸೂಲು ಬಿಚ್ಚುತ್ತಾಳೆ, ನಾನು ಮೋಸಂಬಿ ಹಿಂಡುತ್ತೇನೆ. ಪುಡಿಯ ವಾಸನೆ ಕೊಳೆತ ತತ್ತಿಯಂತೆ ಇರುತ್ತದೆ ಎಂದು ದವಾಖಾನೆಯ ನರ್ಸ್ ಹೇಳಿದ್ದರು. ತತ್ತಿಯನ್ನೇ ಕಾಣದ ಮನೆಯಲ್ಲಿ ಆ ಉಪಮೆಗೆ ಬೆಲೆಯಿಲ್ಲ, ನಾರುತ್ತದೆ ಎಂದರೆ ಸಾಕು. ಸುಮತಿ ಈಗಲೂ ಕವಚಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾಳೆ. ಮೊದಲ ದಿನ ನನ್ನ ನಾಲಗೆಯ ತುದಿಗೆ ಒಂದು ಮಾತು ಬಂದಿತ್ತು. ಒಳ್ಳೆಯ ಮಾತು. ನುಂಗಿದೆ. ರುಚಿಯೇನೂ ಇರಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಕ್ಯಾನು, ಮತ್ತೆ ರೈಲು. ಮೂತ್ರದಲ್ಲಿ ತಾಮ್ರ ಏರಿತ್ತು, ಬೇಕಾದಷ್ಟು. "ಚಾಂಗ್ಲಂ ಆಹೆ ಮಾಸ್ತರ, ಔಷಧ ಕೆಲಸ ಮಾಡಾಕತ್ತೈತಿ," ಎಂದರು ಡಾಕ್ಟರ್. ಚಂದನಾ ಈಗ ಗೋಡೆ ಹಿಡಿಯದೆ ಬಾಗಿಲವರೆಗೆ ನಡೆಯುತ್ತಾಳೆ. ಲೋಟ ಹಿಡಿಯುತ್ತಾಳೆ, ಎರಡೂ ಕೈಯಲ್ಲಿ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಆಗುತ್ತದೆ ಎಂದು ಯಾರೂ ನಮಗೆ ಮಾತು ಕೊಟ್ಟಿಲ್ಲ. ಸುಮತಿ ಮತ್ತು ನಾನು ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತೇವೆ. ನೀರು ಬಂತು, ಗಾಡಿಗೆ ಹೊತ್ತಾಯಿತು, ಹೀಗೆ.

ಹೋದ ವಾರ ಬೆಳಿಗ್ಗೆ. ಔಷಧವಾಗಿತ್ತು. ಮಗಳು ತಿನ್ನುವವರೆಗೆ ನಾವೂ ತಿನ್ನುವುದಿಲ್ಲ, ಮೂವರೂ ಗಡಿಯಾರ ನೋಡುತ್ತ ಕುಳಿತಿದ್ದೆವು. ನಾನು ಸೌಜನ್ಯಕ್ಕೆಂದು ಒಂದು ಮಾತು ಹೇಳಿದೆ.

"ಆದದ್ದು ಆತು ಬಿಡು. ನಾ ಮರತೇನಿ."

"ನೀವು ಮರತೀರಿ ಅಂತ ನಾ ತಿಳಕೊಂಡಿಲ್ಲ," ಎಂದಳು ಸುಮತಿ. "ನಾನೂ ಮರತಿಲ್ಲ."

"ನಿನಗ ಮರಿಯೂದು ಏನೈತಿ? ನಾ ಏನ ಮಾಡೇನಿ?"

"ಮೂವತ್ತ ವರ್ಷದಾಗ ನಾ ಕೇಳಿದ್ದಕ್ಕ ಒಂದರ ನೆಟ್ಟಗ ಉತ್ತರಾ ಕೊಟ್ಟೀರೇನು? ಬರೇ ನಗಿಸೀರಿ. ನಕ್ಕೀನಿ ನಾನು. ಏನ ಮಾಡ್ಲಿ, ಮಂದಿ ಮುಂದ."

"ಅದಕ್ಕ ಮಗಳ ಜೀವದ ಮ್ಯಾಲ..."

"ಮಗಳ ಜೀವಾ ನನಗ ಗೊತ್ತಿಲ್ಲೇನು? ಹಡದಾಕಿ ನಾನು!"

ಅವಳ ದನಿ ಮಾಳಿಗೆಗೆ ಮುಟ್ಟಿತ್ತು. ನನ್ನದೂ ಹಿಂದೆ ಉಳಿದಿರಲಿಲ್ಲ. ಓಣಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿದ ಸಪ್ಪಳವಾಯಿತು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಕೇಳದ ಜಗಳವಾದ್ದರಿಂದ ಅವನ ಕುತೂಹಲ ಸಹಜ.

"ಇನ್ನೂ ಇಪ್ಪತ್ತ ನಿಮಿಷ ಐತಿ," ಎಂದಳು ಚಂದನಾ ಹಾಸಿಗೆಯಿಂದ. "ಸಣ್ಣಗ ಜಗಳಾಡ್ರಿ. ಹೊಟ್ಟಿ ಹಸದೈತಿ ನನಗ."

ಸುಮತಿ ನನ್ನ ಮುಖ ನೋಡಿದಳು. ನಾನು ಅವಳದನ್ನು. ಮಗಳ ಮಾತು ಇಬ್ಬರಿಗೂ ಒಂದೇ ಸಲಕ್ಕೆ ತಿಳಿದಿತ್ತು. ಏನಂದಿ ಎಂದು ನಾನು ಕೇಳಿರಲಿಲ್ಲ.

ಹೊರಗೆ ಹಾಲಿನವನು ಹೋದ. ಇಪ್ಪತ್ತು ನಿಮಿಷ ಇತ್ತು. ಜಗಳ ಮುಂದುವರಿಸಿದೆವು, ಸಣ್ಣ ದನಿಯಲ್ಲಿ.